ಆಫರ್ ಲೆಟರ್‌ನಲ್ಲಿರೋ ಷೇರು ತೆರಿಗೆಯಲ್ಲಿ ಯಾವ ಖಾನೆಗೆ?

ವಿರಾಜಪೇಟೆಯಲ್ಲಿ ಜುಲೈ ಅಂದರೆ ಮಳೆ. ನನ್ನಂಥವರಿಗೆ ರಿಟರ್ನ್ ಹಾಕುವ ಕಾಲವೂ ಅದೇ. ಬಹಳ ವರ್ಷ ನನ್ನ ಹತ್ತಿರ ಬರುತ್ತಿದ್ದವರೆಲ್ಲ ತೋಟದವರು. ಕಾಫಿ, ಮೆಣಸು, ಒಂದಿಷ್ಟು ಬ್ಯಾಂಕ್ ಬಡ್ಡಿ, ಲೆಕ್ಕ ಅಷ್ಟೇ. 2020ರಲ್ಲಿ ಕೋವಿಡ್ ಬಂದು ಬೆಂಗಳೂರಿನ ಹುಡುಗರು ಲ್ಯಾಪ್‌ಟಾಪ್ ಹಿಡಿದು ಮನೆಗೆ ವಾಪಸ್ ಬಂದರು ನೋಡಿ, ಆಮೇಲೆ ನನ್ನ ಟೇಬಲ್ ಮೇಲಿನ ಕಾಗದಗಳೇ ಬದಲಾದವು.

ಕಳೆದ ಜುಲೈನಲ್ಲಿ ಪೊನ್ನಂಪೇಟೆ ಕಡೆಯ ಒಬ್ಬ ಹುಡುಗ ಅಪ್ಪನನ್ನು ಕರೆದುಕೊಂಡು ಬಂದ. ಕರೆಂಟ್ ಇರಲಿಲ್ಲ. ಮೊಬೈಲ್ ಟಾರ್ಚ್ ಹಿಡಿದೇ ಎರಡು ಕಾಗದ ಓದಿದೆವು. ಒಂದು, ಅವನು ಬಿಡುತ್ತಿರುವ ಕಂಪನಿಯದ್ದು. 'ನಿಮ್ಮ 5,000 ಆಪ್ಷನ್ ವೆಸ್ಟ್ ಆಗಿವೆ, ಕೆಲಸ ಬಿಟ್ಟ 90 ದಿನದೊಳಗೆ ತಲಾ 10 ರೂಪಾಯಿ ಕಟ್ಟಿ ಷೇರು ತೆಗೆದುಕೊಳ್ಳಿ, ಇಲ್ಲದಿದ್ದರೆ ರದ್ದು' ಅಂತ ಅದರಲ್ಲಿತ್ತು. ಆಪ್ಷನ್ ಅಂದರೆ ಮೊದಲೇ ಗೊತ್ತು ಮಾಡಿದ ಬೆಲೆಗೆ ಕಂಪನಿಯ ಷೇರು ಕೊಳ್ಳುವ ಅವಕಾಶ, ವೆಸ್ಟ್ ಆಗೋದು ಅಂದರೆ ಅದು ನಿಮ್ಮ ಹಕ್ಕಾಗೋದು. ಇನ್ನೊಂದು ಹೊಸ ಕಂಪನಿಯದ್ದು. ಅದು ಆಫರ್ ಲೆಟರ್ ಅಲ್ಲ, ಕನ್ಸಲ್ಟೆಂಟ್ ಅಗ್ರಿಮೆಂಟ್. ಅದರಲ್ಲೂ ಸ್ಟಾಕ್ ಆಪ್ಷನ್ ಅನ್ನುವ ಮಾತಿತ್ತು.

ಹುಡುಗನ ಅಪ್ಪ ಕೇಳಿದ್ದು ಒಂದೇ ಮಾತು. "ಇದು ಸಂಬಳವಾ, ಆಸ್ತಿಯಾ? ಮೊದಲು ಅದನ್ನು ಹೇಳಿ."

ದೊಡ್ಡ ದೊಡ್ಡ ವಕೀಲರು ಕೋರ್ಟಿನಲ್ಲಿ ವರ್ಷಗಟ್ಟಲೆ ವಾದ ಮಾಡಿದ್ದು ಇದೇ ಪ್ರಶ್ನೆಯ ಮೇಲೆ. ಉತ್ತರ ನಿಂತಿರುವುದು ಎರಡು ವಿಷಯದ ಮೇಲೆ: ಕೊಡುವವರಿಗೂ ನಿಮಗೂ ಇರುವ ಸಂಬಂಧ ಏನು, ಮತ್ತು ಈಗ ಆ ಕಾಗದ ಯಾವ ಹಂತದಲ್ಲಿದೆ. ಕಾಂಟ್ರಾಕ್ಟ್‌ನಲ್ಲಿ ಅದಕ್ಕೆ ಏನು ಹೆಸರಿಟ್ಟಿದ್ದಾರೆ ಅನ್ನುವುದು ಆಮೇಲಿನ ಮಾತು.

ಹಂತ ಅಂದರೆ ಏನು ಅಂತ ತೋಟದವರಿಗೆ ವಿವರಿಸೋದು ಸುಲಭ. ಕಾಫಿ ಆದಾಯ ಕೃಷಿ ಆದಾಯ, ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ ಅಂತ ಎಲ್ಲರಿಗೂ ಗೊತ್ತು. ಆದರೆ ನೀವೇ ಬೆಳೆದ ಕಾಫಿಯನ್ನು ಕ್ಯೂರಿಂಗ್ (ಸಿಪ್ಪೆ ತೆಗೆದು ಹಸನು) ಮಾಡಿಸಿ ಮಾರಿದರೆ ಆ ಆದಾಯದ 25% ವ್ಯಾಪಾರದ ಆದಾಯ. ಹುರಿದು ಪುಡಿ ಮಾಡಿ ಮಾರಿದರೆ 40%. 1962ರ ಆದಾಯ ತೆರಿಗೆ ನಿಯಮಗಳಲ್ಲಿ 7ಬಿ ಅಂತ ಒಂದು ನಿಯಮವೇ ಇದಕ್ಕಿದೆ. ಹೋಂಸ್ಟೇಯಲ್ಲಿ ಸ್ವಂತ ತೋಟದ ಕಾಫಿ ಪುಡಿ ಪ್ಯಾಕೆಟ್ ಮಾಡಿ ಮಾರುವ ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ಗಿಡ ಅದೇ, ಬೀಜ ಅದೇ, ಯಾವ ಹಂತದಲ್ಲಿ ಕೈ ಬಿಟ್ಟಿರಿ ಅನ್ನುವುದರ ಮೇಲೆ ಖಾನೆ ಬದಲಾಗುತ್ತದೆ. ಷೇರಿನದ್ದೂ ಹಾಗೇ.

ಕಂಪನಿ ನಿಮಗೆ ಆಪ್ಷನ್ ಕೊಡುತ್ತದೆ, ಅದು ಗ್ರಾಂಟ್. ಆವತ್ತು ತೆರಿಗೆ ಇಲ್ಲ. ಕಂಪನಿ ಕಾಯ್ದೆಯ ನಿಯಮದ ಪ್ರಕಾರ ಕನಿಷ್ಠ ಒಂದು ವರ್ಷ ಕಾಯಬೇಕು, ಆಮೇಲೆ ಹಂತ ಹಂತವಾಗಿ ಅದು ನಿಮ್ಮ ಹಕ್ಕಾಗುತ್ತದೆ, ಅದು ವೆಸ್ಟಿಂಗ್. ಆವತ್ತೂ ಇಲ್ಲ. ನೀವು ಆ 10 ರೂಪಾಯಿ ಕಟ್ಟಿ 'ಷೇರು ಕೊಡಿ' ಅಂತೀರಲ್ಲ, ಆ ಎಕ್ಸರ್‌ಸೈಜ್ ಮಾಡಿ ಷೇರು ನಿಮ್ಮ ಹೆಸರಿಗೆ ಬಂದಾಗ ತೆರಿಗೆ ಬೀಳುತ್ತದೆ. ಎಕ್ಸರ್‌ಸೈಜ್ ದಿನ ಷೇರಿನ ಬೆಲೆ ಎಷ್ಟಿತ್ತು, ನೀವು ಕಟ್ಟಿದ್ದೆಷ್ಟು, ಆ ವ್ಯತ್ಯಾಸ ಪೂರ್ತಿ ಸಂಬಳದ ಲೆಕ್ಕಕ್ಕೆ ಹೋಗುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 17(2) ಇದನ್ನು ಪರ್ಕ್ವಿಸಿಟ್ ಅಂತ ಕರೆಯುತ್ತದೆ. ಅಂದರೆ ಕಂಪನಿ ಕೊಡುವ ಮನೆ, ಕಾರು ಇದ್ದ ಹಾಗೆ, ಸಂಬಳದ ಜೊತೆಗೆ ಸಿಗುವ ಸವಲತ್ತು. ಕೊಡುವವರು ಹಳೆಯ ಕಂಪನಿಯಾದರೂ ಅಷ್ಟೇ. ಹಾಗಾಗಿ ಕೆಲಸ ಬಿಟ್ಟ ಮೇಲೆ ಎಕ್ಸರ್‌ಸೈಜ್ ಮಾಡಿದರೂ ಅದು ಸಂಬಳವೇ.

ಈ ಲೆಕ್ಕ ಮೊದಲಿಂದ ಹೀಗೇ ಇರಲಿಲ್ಲ. ಇನ್ಫೋಸಿಸ್ 1990ರ ದಶಕದಲ್ಲಿ ನೌಕರರಿಗೆ ಷೇರು ಕೊಟ್ಟಾಗ ಇಲಾಖೆ ಅದನ್ನು ಸಂಬಳ ಅಂದಿತು, ಟಿಡಿಎಸ್ (ಕೊಡುವಾಗಲೇ ಹಿಡಿಯುವ ತೆರಿಗೆ) ಯಾಕೆ ಹಿಡಿಯಲಿಲ್ಲ ಅಂತ ಕೇಳಿತು. ಕೇಸ್ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಮಾರಲಿಕ್ಕೇ ಬಿಡದ ಷೇರಿಗೆ, ಆ ಕಾಲದ ಕಾನೂನಿನಲ್ಲಿ ಬೆಲೆ ಕಟ್ಟುವ ದಾರಿಯೇ ಇಲ್ಲದಾಗ, ಅದನ್ನು ಸವಲತ್ತು ಅಂತ ತೆರಿಗೆ ಹಾಕಲಾಗದು ಅಂತ 2008ರ ಜನವರಿಯಲ್ಲಿ ಕೋರ್ಟ್ ಕಂಪನಿ ಪರವಾಗಿ ಹೇಳಿತು. ಅಷ್ಟರಲ್ಲಿ ಕಾನೂನೇ ಎರಡು ಮೂರು ಸಲ ತಿರುಗಿತ್ತು. ಒಮ್ಮೆ ಸವಲತ್ತು ಅಂದರು. ಆಮೇಲೆ ನಿಯಮದ ಪ್ರಕಾರ ಕೊಟ್ಟ ಆಪ್ಷನ್ ಆದರೆ ಮಾರಿದಾಗ ಮಾತ್ರ ತೆರಿಗೆ ಅಂದರು. 2007ರಲ್ಲಿ ಅದನ್ನು ಫ್ರಿಂಜ್ ಬೆನಿಫಿಟ್ ಟ್ಯಾಕ್ಸ್ (ನೌಕರರ ಸವಲತ್ತಿಗೆ ಕಂಪನಿ ಕಟ್ಟುವ ತೆರಿಗೆ) ಒಳಗೆ ತಂದು ಕಂಪನಿಯ ಮೇಲೆ ಹಾಕಿದರು. 2009ರ ಬಜೆಟ್‌ನಲ್ಲಿ ಆ ತೆರಿಗೆಯನ್ನೇ ಕಿತ್ತು, ಆಪ್ಷನ್ ಲೆಕ್ಕವನ್ನು ಮತ್ತೆ ನೌಕರನ ಸಂಬಳಕ್ಕೇ ತಂದು ಸೇರಿಸಿದರು. ಅಲ್ಲಿಂದ ಇವತ್ತಿನವರೆಗೆ ಅದೇ ನಡೆಯುತ್ತಿದೆ.

ಕಂಪನಿ ಕಡೆಯಿಂದ ನೋಡಿದರೂ ಇದು ಸಂಬಳವೇ. ಬಯೋಕಾನ್ ಕೇಸ್‌ನಲ್ಲಿ, ನೌಕರರಿಗೆ ಕಡಿಮೆ ಬೆಲೆಗೆ ಕೊಟ್ಟ ಷೇರಿನ ರಿಯಾಯಿತಿಯನ್ನು ಕಂಪನಿ ತನ್ನ ಖರ್ಚು ಅಂತ ತೋರಿಸಬಹುದು ಅಂತ ಬೆಂಗಳೂರಿನ ಆದಾಯ ತೆರಿಗೆ ಟ್ರಿಬ್ಯೂನಲ್ 2013ರಲ್ಲಿ ಹೇಳಿತು. 2020ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. ಕೆಲಸಗಾರನನ್ನು ಉಳಿಸಿಕೊಳ್ಳಲು ಮಾಡಿದ ಖರ್ಚು, ಹಾಗಾಗಿ ಖರ್ಚೇ. ಈ ತೀರ್ಪು ಸರಿ ಅಂತಲೇ ನನ್ನ ಅಭಿಪ್ರಾಯ. ದುಡಿಮೆಗೆ ಸಿಕ್ಕಿದ್ದು ಸಂಬಳ ಅನ್ನುವುದರಲ್ಲಿ ನನಗೆ ತಕರಾರಿಲ್ಲ. ನನ್ನ ತಕರಾರು ಅದನ್ನು ವಸೂಲಿ ಮಾಡುವ ದಿನದ ಬಗ್ಗೆ.

ಆ ಹುಡುಗನ ಲೆಕ್ಕವನ್ನೇ ನೋಡಿ. ಮೊತ್ತಗಳನ್ನು ಸ್ವಲ್ಪ ದುಂಡಗೆ ಮಾಡಿ ಹೇಳುತ್ತೇನೆ. ಸಂಬಳ ವರ್ಷಕ್ಕೆ 18 ಲಕ್ಷ. 5,000 ಆಪ್ಷನ್, ಕಟ್ಟಬೇಕಾದ್ದು ತಲಾ 10 ರೂಪಾಯಿ, ಕಂಪನಿ ಹೇಳುವ ಬೆಲೆ 410. ವ್ಯತ್ಯಾಸ 400. ಒಟ್ಟು 20 ಲಕ್ಷ ಸಂಬಳಕ್ಕೆ ಸೇರಿತು. 2025-26ರ ಹೊಸ ಪದ್ಧತಿಯ ಸ್ಲ್ಯಾಬ್‌ನಲ್ಲಿ ಸಂಬಳಕ್ಕೆ ಮಾತ್ರ ಆದರೆ ತೆರಿಗೆ, ಸೆಸ್ ಸೇರಿ, ಸುಮಾರು 1 ಲಕ್ಷ 51 ಸಾವಿರ. ಷೇರು ಸೇರಿದರೆ 7 ಲಕ್ಷ 25 ಸಾವಿರ. ಅಂದರೆ ಷೇರಿನಿಂದ ಮಾತ್ರ 5 ಲಕ್ಷ 75 ಸಾವಿರದಷ್ಟು ಹೆಚ್ಚು ತೆರಿಗೆ. ಷೇರು ತೆಗೆದುಕೊಳ್ಳಲು ಕಟ್ಟುವ 50 ಸಾವಿರ ಬೇರೆ. ಸುಮಾರು ಆರೂಕಾಲು ಲಕ್ಷ ಕೈಯಿಂದ ಹೋಗಬೇಕು. ಆ ಷೇರನ್ನು ಮಾರಿ ಕಟ್ಟೋಣ ಅಂದರೆ, ಕಂಪನಿ ಮಾರುಕಟ್ಟೆಯಲ್ಲಿ ಲಿಸ್ಟ್ ಆಗಿಲ್ಲ. ಕೊಳ್ಳುವವರು ಯಾರೂ ಇಲ್ಲ. ತೆರಿಗೆ ಹಿಡಿಯುವ ಹೊಣೆ ಕಂಪನಿಯದ್ದು, ಆದರೆ ತಿಂಗಳ ಸಂಬಳದಲ್ಲಿ ಅಷ್ಟು ದುಡ್ಡೇ ಇರೋದಿಲ್ಲ. ಹಾಗಾಗಿ 'ಮೊದಲು ತೆರಿಗೆ ಹಣ ನಮ್ಮ ಖಾತೆಗೆ ಹಾಕಿ, ಆಮೇಲೆ ಷೇರು' ಅಂತ ಬರೆಯುತ್ತಾರೆ. ಆ ಸಾಲು ಅವನ ಕಾಗದದಲ್ಲೂ ಇತ್ತು.

ಹುಡುಗನ ಅಪ್ಪ ಕೇಳಿದರು, "ಈ 410 ಅಂತ ಹೇಳಿದ್ದು ಯಾರು?"

ಲಿಸ್ಟ್ ಆದ ಕಂಪನಿಯಾದರೆ ಆ ದಿನದ ಆರಂಭದ ಮತ್ತು ಕೊನೆಯ ಬೆಲೆಯ ಸರಾಸರಿ. ಲಿಸ್ಟ್ ಆಗದಿದ್ದರೆ, ಕಂಪನಿಗಳಿಗೆ ಬೆಲೆ ಕಟ್ಟಿಕೊಡುವ ಒಬ್ಬ ಮರ್ಚೆಂಟ್ ಬ್ಯಾಂಕರ್ ಕೊಟ್ಟ ವರದಿ. ಆ ವರದಿ ಎಕ್ಸರ್‌ಸೈಜ್ ದಿನಕ್ಕಿಂತ 180 ದಿನದವರೆಗೆ ಹಳೆಯದಾಗಿರಬಹುದು. ನಮ್ಮಲ್ಲಿ ರೋಬಸ್ಟಾ ಚೆರ್ರಿ ಮಾರುವಾಗ ಔಟ್‌ಟರ್ನ್ ನೋಡುತ್ತಾರಲ್ಲ, ಚೀಲದಲ್ಲಿ ಎಷ್ಟು ಬೀಜ ಬರುತ್ತೆ ಅಂತ. ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ನಮ್ಮ ಕಣ್ಣ ಮುಂದೆಯೇ ತೂಗುತ್ತಾರೆ. ಒಪ್ಪಿಗೆ ಆಗದಿದ್ದರೆ ಇನ್ನೊಂದು ಅಂಗಡಿಗೆ ಹೋಗಬಹುದು. ಇಲ್ಲಿ ಹಾಗಿಲ್ಲ. ವರದಿ ಮಾಡಿಸುವುದು ಕಂಪನಿ, ತೆರಿಗೆ ಕಟ್ಟುವುದು ನೌಕರ. ಎಷ್ಟೋ ಸಲ ವರದಿಯ ಪ್ರತಿ ಕೂಡ ಅವನ ಕೈಗೆ ಸಿಗುವುದಿಲ್ಲ. ಕೇಳಿ ಪಡೆಯಬೇಕು.

ಇಲ್ಲಿ ನಮ್ಮ ಜಿಲ್ಲೆಯ ಹುಡುಗರಿಗೆ ಇನ್ನೊಂದು ವಿಷಯ ಇದೆ, ಬೆಂಗಳೂರಿನ ಹೆಚ್ಚಿನ ಲೇಖನಗಳಲ್ಲಿ ಇದು ಬರೋದೇ ಇಲ್ಲ. ತೋಟದ ಪಾಲು ನಿಮ್ಮ ಹೆಸರಿನಲ್ಲಿದ್ದು ಅದರ ಆದಾಯ ನಿಮಗೆ ಬರುತ್ತಿದ್ದರೆ, ಆ ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ ನಿಮ್ಮ ಸ್ಲ್ಯಾಬ್ ಲೆಕ್ಕ ಹಾಕುವಾಗ ಅದನ್ನು ಸೇರಿಸಿಕೊಳ್ಳುತ್ತಾರೆ. ಮೇಲಿನ ಉದಾಹರಣೆಯಲ್ಲೇ 8 ಲಕ್ಷ ಕೃಷಿ ಆದಾಯ ಇದೆ ಅಂತ ಇಟ್ಟುಕೊಳ್ಳಿ. ಆಗ ಆ 20 ಲಕ್ಷ ಪೂರ್ತಿ 30% ಸ್ಲ್ಯಾಬ್‌ಗೆ ಬೀಳುತ್ತದೆ. ಷೇರಿನ ಮೇಲಿನ ತೆರಿಗೆ 5 ಲಕ್ಷ 75 ಸಾವಿರ ಇದ್ದದ್ದು 6 ಲಕ್ಷ 24 ಸಾವಿರ ಆಗುತ್ತದೆ. ಕಂಪನಿಗೆ ನಿಮ್ಮ ತೋಟದ ವಿಷಯ ಗೊತ್ತಿಲ್ಲ, ಹಾಗಾಗಿ ಟಿಡಿಎಸ್‌ನಲ್ಲಿ ಇದು ಬರೋದಿಲ್ಲ. ರಿಟರ್ನ್ ಹಾಕುವಾಗ ಬಾಕಿ ಬರುತ್ತದೆ, ಬಡ್ಡಿ ಸಮೇತ. ಕಾಫಿಗೆ ಒಳ್ಳೆ ರೇಟ್ ಬಂದ ವರ್ಷವೇ ಎಕ್ಸರ್‌ಸೈಜ್ ಮಾಡಿದರೆ ಇದು ಇನ್ನೂ ಜಾಸ್ತಿ. ತೋಟ ಅಪ್ಪನ ಹೆಸರಿನಲ್ಲಿದ್ದು ಆದಾಯವೂ ಅವರದ್ದೇ ಆದರೆ ಈ ತೊಂದರೆ ಇಲ್ಲ.

ಷೇರು ಕೈಗೆ ಬಂದ ಮೇಲೆ ಅದು ಆಸ್ತಿ. ಅಲ್ಲಿಂದ ಮುಂದೆ ಲೆಕ್ಕ ಕ್ಯಾಪಿಟಲ್ ಗೇನ್ಸ್‌ನದ್ದು, ಅಂದರೆ ಆಸ್ತಿ ಮಾರಿ ಬಂದ ಲಾಭದ್ದು. ಹುಡುಗರು ತಾವೇ ಮೊಬೈಲ್‌ನಲ್ಲಿ ರಿಟರ್ನ್ ಹಾಕುವಾಗ ಒಂದು ತಪ್ಪು ಮಾಡುವುದನ್ನು ಬಹಳ ನೋಡಿದ್ದೇನೆ. ಮಾರಿದಾಗ ಖರೀದಿ ಬೆಲೆ ಅಂತ 10 ರೂಪಾಯಿ ಹಾಕಿಬಿಡುತ್ತಾರೆ. ಅಲ್ಲ, 410 ಹಾಕಬೇಕು. ಆ 400ಕ್ಕೆ ಸಂಬಳದ ಲೆಕ್ಕದಲ್ಲಿ ಆಗಲೇ ತೆರಿಗೆ ಕಟ್ಟಿಯಾಗಿದೆ. 10 ಅಂತ ಹಾಕಿದರೆ ಒಂದೇ ದುಡ್ಡಿಗೆ ಎರಡು ಸಲ ಕಟ್ಟಿದ ಹಾಗೆ. ಲಿಸ್ಟ್ ಆಗದ ಷೇರನ್ನು 24 ತಿಂಗಳಿಗಿಂತ ಜಾಸ್ತಿ ಇಟ್ಟು ಮಾರಿದರೆ ಲಾಭಕ್ಕೆ 12.5%. ಅದಕ್ಕೂ ಮೊದಲು ಮಾರಿದರೆ ನಿಮ್ಮ ಸ್ಲ್ಯಾಬ್ ದರ.

ಈಗ ಬೆಲೆ ಬಿದ್ದರೆ? ಇಲ್ಲೇ ನನಗೆ ಸಂಕಟ ಆಗೋದು. 410ಕ್ಕೆ ತೆರಿಗೆ ಕಟ್ಟಿದ ಷೇರನ್ನು ಎರಡು ವರ್ಷ ಬಿಟ್ಟು 100ಕ್ಕೆ ಮಾರಿದ ಅಂತ ಇಟ್ಟುಕೊಳ್ಳಿ. 15 ಲಕ್ಷ 50 ಸಾವಿರ ನಷ್ಟ. ಆದರೆ ಇದು ಕ್ಯಾಪಿಟಲ್ ನಷ್ಟ. ಸಂಬಳದಿಂದ ಕಳೆಯಲು ಬಿಡುವುದಿಲ್ಲ. 8 ವರ್ಷ ಮುಂದಕ್ಕೆ ಒಯ್ಯಬಹುದು, ಬೇರೆ ದೀರ್ಘಾವಧಿ ಕ್ಯಾಪಿಟಲ್ ಲಾಭ ಬಂದರೆ ಅದರಿಂದ ಮಾತ್ರ ಕಳೆಯಬಹುದು. ಸಂಬಳ ಅಂತ ಕಟ್ಟಿದ ತೆರಿಗೆ ವಾಪಸ್ ಬರುವ ದಾರಿ ಇಲ್ಲ. ಬೆಲೆ ಇದ್ದಾಗ ಅದು ಸಂಬಳ, ಬೆಲೆ ಹೋದಾಗ ಅದು ಆಸ್ತಿ. ಒಬ್ಬ ಮನುಷ್ಯನಿಗೆ ಒಂದೇ ಕಾಗದದ ಮೇಲೆ ಈ ಎರಡೂ ಪೆಟ್ಟು ಬೀಳಬಾರದು.

ಸರ್ಕಾರಕ್ಕೆ ಇದು ಗೊತ್ತಿಲ್ಲ ಅಂತೇನಿಲ್ಲ. 2020ರ ಬಜೆಟ್‌ನಲ್ಲಿ ಸ್ಟಾರ್ಟಪ್ ನೌಕರರಿಗೆ ತೆರಿಗೆ ಮುಂದೂಡುವ ಸೌಲಭ್ಯ ತಂದರು. ಎಕ್ಸರ್‌ಸೈಜ್ ಮಾಡಿದ ಕೂಡಲೇ ಕಟ್ಟಬೇಕಿಲ್ಲ. ಅಸೆಸ್‌ಮೆಂಟ್ ವರ್ಷ (ಷೇರು ತೆಗೆದುಕೊಂಡ ಹಣಕಾಸು ವರ್ಷದ ಮರುವರ್ಷ) ಮುಗಿದು 48 ತಿಂಗಳು, ಅಥವಾ ಷೇರು ಮಾರಿದ ದಿನ, ಅಥವಾ ಕೆಲಸ ಬಿಟ್ಟ ದಿನ, ಯಾವುದು ಮೊದಲೋ ಅಲ್ಲಿಂದ 14 ದಿನದೊಳಗೆ ಕಟ್ಟಬೇಕು. 2025-26ರಲ್ಲಿ ಷೇರು ತೆಗೆದುಕೊಂಡವರಿಗೆ, ಮಾರದೆ ಅದೇ ಕೆಲಸದಲ್ಲಿದ್ದರೆ, 2031ರ ಏಪ್ರಿಲ್‌ವರೆಗೆ ಸಮಯ. ಆದರೆ ಎಲ್ಲ ಸ್ಟಾರ್ಟಪ್‌ಗೂ ಇದು ಸಿಗೋದಿಲ್ಲ. ಸರ್ಕಾರದಿಂದ ಸ್ಟಾರ್ಟಪ್ ಅಂತ ಮಾನ್ಯತೆ ಸಿಕ್ಕರೆ ಸಾಲದು. 1961ರ ಕಾಯ್ದೆಯ ಸೆಕ್ಷನ್ 80-ಐಎಸಿ ಪ್ರಕಾರ ಬೇರೆ ಪ್ರಮಾಣಪತ್ರ ಇರಬೇಕು. ಮಾನ್ಯತೆ ಪಡೆದ ಸ್ಟಾರ್ಟಪ್‌ಗಳು 2025ರಲ್ಲೇ ಒಂದೂವರೆ ಲಕ್ಷ ದಾಟಿದ್ದವು. 2025ರ ಮೇ ಹೊತ್ತಿಗೆ ಆ ಪ್ರಮಾಣಪತ್ರ ಸಿಕ್ಕಿದ್ದು 3,700 ಚಿಲ್ಲರೆ ಕಂಪನಿಗಳಿಗೆ. ಉಳಿದವರ ನೌಕರರು ಏನು ಮಾಡಬೇಕು? ಮತ್ತೆ ಕೆಲಸ ಬಿಟ್ಟ ಕೂಡಲೇ ಕಟ್ಟಬೇಕು ಅನ್ನುವ ಷರತ್ತು ನೋಡಿ. ದುಡ್ಡು ಕಷ್ಟ ಇರೋದೇ ಕೆಲಸ ಬಿಟ್ಟಾಗ, ಅಲ್ವಾ? ನನ್ನ ಪ್ರಕಾರ ಲಿಸ್ಟ್ ಆಗದ ಎಲ್ಲ ಕಂಪನಿಯ ನೌಕರರಿಗೂ ಇದು ಸಿಗಬೇಕು, ಮತ್ತು ಮಾರಿದ ದಿನವೇ ತೆರಿಗೆಯ ದಿನ ಆಗಬೇಕು. ಸಂಬಳದ ದರದಲ್ಲೇ ತೆಗೆದುಕೊಳ್ಳಲಿ, ಚಿಂತೆ ಇಲ್ಲ. ದುಡ್ಡು ಕೈಗೆ ಬಂದ ಮೇಲೆ ತೆಗೆದುಕೊಳ್ಳಲಿ.

ಇನ್ನು ಎರಡನೇ ಕಾಗದ, ಕನ್ಸಲ್ಟೆಂಟ್ ಅಗ್ರಿಮೆಂಟ್. ಹುಡುಗ ಅದನ್ನು ಬಹಳ ಖುಷಿಯಿಂದ ತೋರಿಸಿದ. "ಪಿಎಫ್ ಕಟ್ ಇಲ್ಲ ಸರ್, ಬರೀ 10% ಟಿಡಿಎಸ್." ಆದರೆ ಅದರಲ್ಲಿದ್ದ ಆಪ್ಷನ್ ಮಾತು ನನಗೆ ಸರಿ ಕಾಣಲಿಲ್ಲ.

ಭಾರತದ ಕಂಪನಿ ಕಾಯ್ದೆ ಪ್ರಕಾರ ಇಸಾಪ್ (ನೌಕರರ ಸ್ಟಾಕ್ ಆಪ್ಷನ್) ಕೊಡಬಹುದಾದದ್ದು ಕಂಪನಿಯ ಖಾಯಂ ನೌಕರರಿಗೆ ಮತ್ತು ನಿರ್ದೇಶಕರಿಗೆ. ಅದರ ಹೋಲ್ಡಿಂಗ್ ಕಂಪನಿ ಅಥವಾ ಅಂಗಸಂಸ್ಥೆಯವರಿಗೂ ಕೊಡಬಹುದು. ಸ್ವತಂತ್ರ ನಿರ್ದೇಶಕರಿಗೆ ಇಲ್ಲ. ಕನ್ಸಲ್ಟೆಂಟ್‌ಗೂ ಇಲ್ಲ. ಹಾಗಾದರೆ ಆ ಅಗ್ರಿಮೆಂಟ್‌ನಲ್ಲಿ 'ಆಪ್ಷನ್' ಅಂತ ಬರೆದದ್ದು ಏನು? ಬಹಳ ಸಲ ಅದು ಷೇರೇ ಅಲ್ಲ. ಷೇರಿನ ಬೆಲೆ ಏರಿದಷ್ಟು ಹಣ ಕೊಡುತ್ತೇವೆ ಅನ್ನುವ ಮಾತು, ಫ್ಯಾಂಟಮ್ ಸ್ಟಾಕ್ ಅಂತಾರೆ. ಅಥವಾ ಅಮೆರಿಕದ ಮಾತೃ ಕಂಪನಿ ಅಲ್ಲಿನ ಕಾನೂನಿನಂತೆ ಕೊಡುತ್ತಿರಬಹುದು. ಯಾವುದೇ ಆದರೂ ಕನ್ಸಲ್ಟೆಂಟ್‌ಗೆ ಅದು ಸಂಬಳ ಅಲ್ಲ, ವೃತ್ತಿಯ ಆದಾಯ. ಸಂಬಳದಾರನಿಗೆ ಸಿಗುವ 75 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲ. ಆ ಸ್ಟಾರ್ಟಪ್ ಮುಂದೂಡಿಕೆಯೂ ಇಲ್ಲ, ಅದು ನೌಕರರಿಗೆ ಮಾತ್ರ. 2022ರ ಜುಲೈನಿಂದ ಇಂಥ ಸವಲತ್ತಿನ ಮೇಲೆ, ವರ್ಷಕ್ಕೆ 20 ಸಾವಿರ ದಾಟಿದರೆ, 10% ಟಿಡಿಎಸ್ ಬೇರೆ ಇದೆ. ಮಾತೃ ಕಂಪನಿ ವಿದೇಶದ್ದಾಗಿದ್ದು ಷೇರು ಕೈಗೆ ಬಂದರೆ, ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಅದನ್ನು ತೋರಿಸಲೇಬೇಕು. ಮಾರಿಲ್ಲ, ದುಡ್ಡು ಬಂದಿಲ್ಲ ಅಂತ ಬಿಡುವ ಹಾಗಿಲ್ಲ.

'ಕನ್ಸಲ್ಟೆಂಟ್' ಅಂತ ಬರೆದ ಮಾತ್ರಕ್ಕೆ ಅದೇ ಸತ್ಯ ಅಂತಲೂ ಅಲ್ಲ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಡಾಕ್ಟರ್‌ಗಳು ನೌಕರರೋ, ವೃತ್ತಿಪರರೋ ಅಂತ ಹೀಗೇ ಕೇಸ್‌ಗಳು ನಡೆದಿವೆ. ಪುಣೆಯ ಒಂದು ಆಸ್ಪತ್ರೆಯ ವಿಷಯದಲ್ಲಿ ಬಾಂಬೆ ಹೈಕೋರ್ಟ್ 2015ರಲ್ಲಿ ಆ ಡಾಕ್ಟರ್‌ಗಳ ಕರಾರನ್ನು ಪೂರ್ತಿ ಓದಿ, ಅವರು ನೌಕರರಲ್ಲ ಅಂತ ಹೇಳಿತು. ಕೆಲಸದ ಸಮಯ ಯಾರು ನಿರ್ಧರಿಸುತ್ತಾರೆ, ರಜೆ ಯಾರನ್ನು ಕೇಳಬೇಕು, ಬೇರೆ ಕಡೆ ಕೆಲಸ ಮಾಡಬಹುದಾ, ಹಣ ನಿಗದಿಯಾದದ್ದಾ ಅಥವಾ ಕೆಲಸ ಇದ್ದಷ್ಟಾ, ಇಂಥವನ್ನೆಲ್ಲ ನೋಡುತ್ತಾರೆ. ಆ ಹುಡುಗನ ಅಗ್ರಿಮೆಂಟ್‌ನಲ್ಲಿ ಬೆಳಿಗ್ಗೆ ಹತ್ತರಿಂದ ಏಳರವರೆಗೆ ಲಾಗಿನ್ ಇರಬೇಕು, ವರ್ಷಕ್ಕೆ 18 ರಜೆ, ಬೇರೆ ಯಾರಿಗೂ ಕೆಲಸ ಮಾಡಬಾರದು ಅಂತಿತ್ತು. ಹೆಸರು ಕನ್ಸಲ್ಟೆಂಟ್, ಬದುಕು ನೌಕರನದ್ದು. ನೌಕರನಿಗೆ ಸಿಗುವುದು ಒಂದೂ ಇಲ್ಲ.

ಕಾಗದದಲ್ಲಿನ ಒಂದು ಮಾತಿಗೆ ಎಷ್ಟು ತೂಕ ಇರಬಹುದು ಅನ್ನುವುದಕ್ಕೆ ಫ್ಲಿಪ್‌ಕಾರ್ಟ್ ಕೇಸ್‌ಗಳು ಸಾಕ್ಷಿ. 2022ರ ಡಿಸೆಂಬರ್‌ನಲ್ಲಿ ಫೋನ್‌ಪೇ ಬೇರೆಯಾದಾಗ ಫ್ಲಿಪ್‌ಕಾರ್ಟ್ ಆಪ್ಷನ್‌ಗಳ ಬೆಲೆ ಇಳಿಯಿತು. ಆಪ್ಷನ್ ಇದ್ದವರಿಗೆ ಕಂಪನಿ ತಲಾ 43.67 ಡಾಲರ್ ಪರಿಹಾರ ಕೊಟ್ಟಿತು, ಸಂಬಳ ಅಂತ ಟಿಡಿಎಸ್ ಹಿಡಿಯಿತು. ಅವರು ಇನ್ನೂ ಎಕ್ಸರ್‌ಸೈಜ್ ಮಾಡಿರಲಿಲ್ಲ. ದೆಹಲಿ ಹೈಕೋರ್ಟ್ 2024ರಲ್ಲಿ, ಕೊಡಲೇಬೇಕು ಅಂತ ಕಟ್ಟುಪಾಡು ಇರಲಿಲ್ಲ, ಕಂಪನಿ ತಾನಾಗಿ ಕೊಟ್ಟದ್ದು, ಷೇರು ಕೈಗೆ ಬಂದೇ ಇಲ್ಲ, ಹಾಗಾಗಿ ಸಂಬಳ ಅಲ್ಲ ಅಂದಿತು. ಅದೇ ವರ್ಷ ಮದ್ರಾಸ್ ಹೈಕೋರ್ಟ್, ಇದು ಉದ್ಯೋಗದಿಂದಲೇ ಬಂದ ಸವಲತ್ತು, ತೆರಿಗೆ ಇದೆ ಅಂದಿತು. 2025ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ದೆಹಲಿಯ ಕಡೆ ನಿಂತಿತು. ಒಂದೇ ಕಂಪನಿ, ಒಂದೇ ಹಣ, ಆದರೂ ಚೆನ್ನೈನಲ್ಲಿ ಒಂದು ಉತ್ತರ, ಬೆಂಗಳೂರಿನಲ್ಲಿ ಇನ್ನೊಂದು. ಪ್ಲಾನ್ ಡಾಕ್ಯುಮೆಂಟ್‌ನಲ್ಲಿ (ಆಪ್ಷನ್‌ಗಳ ನಿಯಮ ಬರೆದಿರುವ ಕಾಗದ) ಕಂಪನಿ ಪರಿಹಾರ 'ಕೊಡಬಹುದು' ಅಂತಿದೆಯಾ, 'ಕೊಡಬೇಕು' ಅಂತಿದೆಯಾ ಅಂತ ಈಗ ನಾನು ಬೆರಳಿಟ್ಟು ಓದುತ್ತೇನೆ.

2025ರ ಹೊಸ ಆದಾಯ ತೆರಿಗೆ ಕಾಯ್ದೆಯ ಜಾರಿ 2026ರ ಏಪ್ರಿಲ್ 1ರಿಂದ. ಆಪ್ಷನ್ ಸಂಬಳದ ಸವಲತ್ತು ಅನ್ನುವ ತಿರುಳು ಹಾಗೇ ಇದೆ. ಆದರೆ ಸೆಕ್ಷನ್ ನಂಬರ್‌ಗಳು ಬದಲಾಗಿವೆ. ನಾನು ನೋಡುವ ಕಾಂಟ್ರಾಕ್ಟ್‌ಗಳಲ್ಲಿ 1961ರ ಕಾಯ್ದೆಯ ಹೆಸರೇ ಇರುತ್ತದೆ. ವೆಸ್ಟಿಂಗ್ ನಾಲ್ಕು ವರ್ಷ ನಡೆಯುವ ವ್ಯವಹಾರ ಇದು. 'ಅಥವಾ ಅದರ ಬದಲಿಗೆ ಬರುವ ಕಾನೂನು' ಅನ್ನುವ ಐದು ಪದ ಸೇರಿಸಿ ಅಂತ ಕೇಳಿದರೆ ಯಾವ ಕಂಪನಿಗೂ ನಷ್ಟ ಇಲ್ಲ.

ಆವತ್ತು ಕರೆಂಟ್ ಬರುವಷ್ಟರಲ್ಲಿ ನಾವು ಮೂವರೂ ಸೇರಿ ಎರಡು ಈಮೇಲ್ ಬರೆದೆವು. ಹಳೆಯ ಕಂಪನಿಗೆ: ಬೆಲೆ ವರದಿಯ ಪ್ರತಿ ಮತ್ತು ತಾರೀಕು ಕೊಡಿ, 80-ಐಎಸಿ ಪ್ರಮಾಣಪತ್ರ ಇದೆಯಾ ಹೇಳಿ, 90 ದಿನದ ಗಡುವನ್ನು ಒಂದು ವರ್ಷ ಮಾಡಿ. ಹೊಸ ಕಂಪನಿಗೆ: ಇದು ಷೇರಾ, ಹಣವಾ? ಕೊಡುವವರು ಭಾರತದ ಕಂಪನಿಯಾ, ವಿದೇಶದ್ದಾ? ನೌಕರನಾಗಿಯೇ ಸೇರಿಸಿಕೊಳ್ಳಬಹುದಾ?

ಹತ್ತು ದಿನ ಬಿಟ್ಟು ಹುಡುಗ ಫೋನ್ ಮಾಡಿದ. ಹಳೆಯ ಕಂಪನಿಗೆ ಆ ಪ್ರಮಾಣಪತ್ರ ಇಲ್ಲವಂತೆ. ವರದಿ ಕಳಿಸಿದ್ದಾರೆ, ಅದು ಐದು ತಿಂಗಳು ಹಳೆಯದು. ಗಡುವು ಮಾತ್ರ ವಿಸ್ತರಿಸಿದ್ದಾರೆ, ಕೇಳಿದ ಒಂದು ವರ್ಷ ಅಲ್ಲ, ಆರು ತಿಂಗಳು. ಹೊಸ ಕಂಪನಿ ಅಗ್ರಿಮೆಂಟ್ ಬದಲಿಸಿ ಆಫರ್ ಲೆಟರ್ ಕಳಿಸಿದೆ, ತಿಂಗಳ ಹಣ ಸ್ವಲ್ಪ ಕಡಿಮೆ ಮಾಡಿ. ಹಿಂದಿನಿಂದ ಅವನ ಅಪ್ಪನ ಧ್ವನಿ ಕೇಳಿಸಿತು, ಆ ಈಮೇಲ್‌ಗಳನ್ನೆಲ್ಲ ಪ್ರಿಂಟ್ ತೆಗೆಸಿ ಆರ್‌ಟಿಸಿ ಇಟ್ಟಿರುವ ಫೈಲ್‌ನಲ್ಲೇ ಹಾಕಿಡು ಅಂತ.